ತವರಿನ ದಾರಿ ತೋರಿಸುವ ಆಂಜಿನಮ್ಮ

“ಅಕ್ಕಾ, ನಿಜ ಹೇಳು. ಇವತ್ತಾದ್ರೂ ನೀರಿರುತ್ತಾ, ಇಲ್ಲ ಹೋದ್ಸಲದಂಗೆ ಬರೀ ಬಂಡೆ ತೋರಿಸಿ ಕಳಿಸ್ತೀಯಾ?”

ಟೆಂಪೊ ನಿಲ್ಲಿಸಿ ಕೆಳಗಿಳಿದ ಉಮೇಶ ಕೇಳುವ ಮೊದಲ ಮಾತೇ ಇದು. ಜೋಡಿ ಬಂಡಪಲ್ಲಿಯ ಅರಳಿಕಟ್ಟೆಯ ಸುತ್ತ ಇನ್ನೂ ನಸುಗತ್ತಲು. ಹಾಲಿನ ಡೇರಿಯ ಮುಂದೆ ಕ್ಯಾನುಗಳು ಸಾಲಾಗಿ ಕುಳಿತಿವೆ. ಅವುಗಳ ಒಡೆಯರು ಪಕ್ಕದಲ್ಲೇ ನಿಂತು, ಬೇರೆಲ್ಲೋ ನೋಡುತ್ತಿರುವವರಂತೆ ಮುಖ ಮಾಡಿ, ಕಿವಿಯನ್ನು ಮಾತ್ರ ಈ ಕಡೆಗೆ ಇಟ್ಟಿದ್ದಾರೆ. ಆಂಜಿನಮ್ಮ ಅವಸರ ಮಾಡುವುದಿಲ್ಲ. ಸೀರೆಯ ಮೇಲೆ ತೊಟ್ಟ ಗಂಡನ ಹಳೆಯ ಷರ್ಟಿನ ತೋಳು ಮಡಚುತ್ತಾರೆ, ಕ್ಯಾನ್ವಾಸ್ ಶೂಗಳ ದಾರ ಬಿಗಿಯುತ್ತಾರೆ, ಬೇಲಿಗೆ ಒರಗಿಸಿಟ್ಟ ಕೋಲನ್ನು ಕೈಗೆ ತೆಗೆದುಕೊಳ್ಳುತ್ತಾರೆ.

“ನೀನು ಗಾಡಿ ಓಡ್ಸು, ಸಾಕು. ನೀರು ಓಡ್ಸೋಕೆ ಮೇಲೆ ನಮ್ಮಣ್ಣ ಇದಾನೆ.”

ಟೆಂಪೊದಿಂದ ಇಳಿಯುತ್ತಿರುವವರು ನರಸಾಪುರದ ಕಾರ್ಖಾನೆಯೊಂದರ ಹುಡುಗ ಹುಡುಗಿಯರು. ಅರ್ಧ ಜನ ರಾತ್ರಿ ಪಾಳಿ ಮುಗಿಸಿ ಹಾಗೇ ಹತ್ತಿ ಬಂದವರು, ಸೀಟಿನ ಹೊಲಿಗೆಯ ಗೆರೆ ಕೆನ್ನೆಯ ಮೇಲೆ ಮೂಡಿದೆ. ಒಬ್ಬನಂತೂ ಗುರುತಿನ ಚೀಟಿಯನ್ನು ಕೊರಳಿಂದ ತೆಗೆಯುವುದನ್ನೇ ಮರೆತಿದ್ದಾನೆ, ಬೆಟ್ಟದ ಬಾಗಿಲಲ್ಲೂ ಯಾರಾದರೂ ಕೇಳಬಹುದು ಎನ್ನುವಂತೆ. ಅವರನ್ನು ಕರೆತಂದ ಮೇಘನ ಹೊನ್ನಾವರದ ಕಡೆಯವಳು, ಅದೇ ಕಾರ್ಖಾನೆಯಲ್ಲಿ ಲೈನ್ ಲೀಡರ್. ದಾರಿಯ ತಿರುವುಗಳಿಗೆ ಹೊಟ್ಟೆ ತೊಳಸಿ, ಒಂದು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡೇ ನಮಸ್ಕಾರ ಹೇಳುತ್ತಾಳೆ.

ಉಮೇಶ ಎಲ್ಲರ ಫೋನಿಗೂ ಒಂದು ಪೋಸ್ಟರ್ ಕಳಿಸಿದ್ದಾನೆ. ಅದರಲ್ಲಿ ‘ಮೂರು ಲೇಕ್, ಒಂದು ಫಾಲ್ಸ್, ಮಧ್ಯಾಹ್ನ ಮುದ್ದೆ ಊಟ’ ಎಂದಿದೆ. ಚಿತ್ರದಲ್ಲಿರುವುದು ಯಾವುದೋ ದೇಶದ ನೀಲಿ ಸರೋವರ, ಹಿಂದೆ ಬೆಳ್ಳಗೆ ಹಿಮ ಹೊದ್ದ ಶಿಖರ. ಕೊರಳಲ್ಲಿ ಚೀಟಿ ಇದ್ದ ಹುಡುಗ ಬೆಟ್ಟವನ್ನೂ ಫೋನನ್ನೂ ಎರಡೆರಡು ಸಲ ನೋಡಿ, ಹಿಮ ಎಲ್ಲಿ ಎಂದು ಕೇಳುತ್ತಾನೆ. ಬೆಳಿಗ್ಗೆ ಬೇಗ ಬಂದಿದ್ದರೆ ಸಿಗುತ್ತಿತ್ತು, ಈಗ ಡೇರಿಗೆ ಹಾಕಿಬಿಟ್ಟರು ಎನ್ನುತ್ತಾರೆ ಆಂಜಿನಮ್ಮ. ಕ್ಯಾನಿನ ಪಕ್ಕ ನಿಂತವರು ನಗುತ್ತಾರೆ. ಆ ನಗುವಿನ ಬಾಲದಲ್ಲೇ ಯಾರೋ ಮೆಲ್ಲಗೆ, “ವಟ್ಟಿ ಫಾಲ್ಸಮ್ಮ ಹೊರಟ್ಳು ನೋಡಪ್ಪ,” ಎಂದದ್ದೂ ಕೇಳಿಸುತ್ತದೆ. ಆಂಜಿನಮ್ಮ ತಿರುಗಿ ನೋಡುವುದಿಲ್ಲ. ಕೋಲನ್ನು ನೆಲಕ್ಕೆ ಒಂದು ಸಲ ಗಟ್ಟಿಯಾಗಿ ಊರುತ್ತಾರೆ, ಅಷ್ಟೆ.

ಈ ಕಡೆಯ ತೆಲುಗಿನಲ್ಲಿ ವಟ್ಟಿ ಎಂದರೆ ಬರಿದು. ಆ ಹೆಸರು ಅಂಟಿದ್ದು ಕಳೆದ ಏಪ್ರಿಲ್‌ನಲ್ಲಿ. ಬೇಸಗೆಯಲ್ಲಿ ಜಾರುಬಂಡೆಯಲ್ಲಿ ನೀರಿರುವುದಿಲ್ಲ ಎಂದು ಆಂಜಿನಮ್ಮ ಬಾಯಿ ಬಿಟ್ಟು ಹೇಳಿದ್ದರು. ಜಾರುಬಂಡೆ ಅಂದರೆ ಫಾಲ್ಸು. ಊರಿನವರ ಬಾಯಲ್ಲಿ ಅದಕ್ಕೆ ಇರುವುದು ಅದೊಂದೇ ಹೆಸರು. ಆದರೆ ಉಮೇಶನ ಪೋಸ್ಟರ್‌ಗೆ ಬೇಸಗೆ ಗೊತ್ತಿಲ್ಲವಲ್ಲ. ಬೆಂಗಳೂರಿನಿಂದ ಬಂದ ತಂಡದಲ್ಲಿ ಒಬ್ಬ ಒಣಗಿದ ಬಂಡೆಯ ಕೆಳಗೆ ಅಂಗಿ ಬಿಚ್ಚಿ ನಿಂತು, ತಲೆಗೆ ಶಾಂಪೂ ಹಚ್ಚಿದಂತೆ, ನೀರು ಸುರಿದುಕೊಂಡಂತೆ, ಚಳಿಗೆ ನಡುಗಿದಂತೆ ನಟಿಸಿ ವಿಡಿಯೊ ಮಾಡಿದ. ಅದು ಕೋಲಾರದ ಟೊಮೇಟೊ ಮಂಡಿಯಿಂದ ಹಿಡಿದು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ತನಕ ಎಲ್ಲರ ಫೋನಿನಲ್ಲೂ ಓಡಾಡಿತು. “ಹಿಂದುಗಡೆ ನಾನೂ ಕಾಣಿಸ್ತೀನಿ,” ಎನ್ನುತ್ತಾರೆ ಆಂಜಿನಮ್ಮ. “ಅವನಿಗೆ ಒರೆಸ್ಕೊಳ್ಳೋಕೆ ಟವೆಲ್ಲು ಹಿಡ್ಕೊಂಡು ನಿಂತಿದೀನಿ. ಅವ್ನು ಕೊಟ್ಟ, ಹಿಡ್ಕೊಂಡೆ. ನಂಗೇನು ಗೊತ್ತು?”

ಅಂದಿನಿಂದ ಡೇರಿಯಲ್ಲೂ, ರೇಷನ್ ಅಂಗಡಿಯಲ್ಲೂ ಅದೇ ಹೆಸರು. ಗಂಡ ಗಂಗುಲಪ್ಪನೂ ಒಂದು ಸಲ ನಕ್ಕು, ಆ ರಾತ್ರಿ ತಣ್ಣಗಿನ ಮುದ್ದೆ ತಿಂದ. ಮಳೆಗಾಲ ಇಡೀ ಯಾವ ತಂಡವೂ ಬರಲಿಲ್ಲ. ಈಗ ದಸರಾ ಮುಗಿದ ಮೊದಲ ಭಾನುವಾರ ಬಂದಿರುವ ಈ ತಂಡಕ್ಕೂ ಆ ವಿಡಿಯೊವೇ ಕರೆಯೋಲೆ. ಕೋಲಾರ ಸೀಮೆಯಲ್ಲಿ ಜಲಪಾತ ಇದೆಯೋ ಇಲ್ಲವೋ ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾದ ಹತ್ತಿ, ನೋಡಿಯೇ ಬರೋಣ ಎಂದು ಹೊರಟವರಿವರು. ನೀರಿದ್ದರೆ ಪಾಳಿಗೊಂದು ತಂಡದಂತೆ ಬರುತ್ತೇವೆ, ಇಲ್ಲದಿದ್ದರೆ ಮುಂದಿನ ಸಲ ಚಿಕ್ಕಬಳ್ಳಾಪುರದ ಕಡೆ ಹೋಗುತ್ತೇವೆ ಎಂದು ಮೇಘನ ನೇರವಾಗಿಯೇ ಹೇಳಿದ್ದಾಳೆ. ಅದಕ್ಕೇ ಆಂಜಿನಮ್ಮ ವಾರದ ಹಿಂದೆಯೇ ಬೆಟ್ಟದ ಮೇಲಿರುವ ಅಣ್ಣನಿಗೆ ಫೋನು ಮಾಡಿ, ಪಟ್ಟಣದಿಂದ ಜನ ನೀರು ನೋಡಲು ಬರುತ್ತಿದ್ದಾರೆ ಎಂದು ತಿಳಿಸಿಟ್ಟಿದ್ದಾರೆ. ಮಳೆಯೂ ಚೆನ್ನಾಗಿಯೇ ಆಗಿದೆ.

ಬೆಟ್ಟ ಹತ್ತುವಾಗ ಆಂಜಿನಮ್ಮ ಎಲ್ಲರಿಗಿಂತ ಹಿಂದೆ ನಡೆಯುತ್ತಾರೆ. ದಾರಿ ತೋರಿಸುವವರು ಮುಂದಿರಬೇಕಲ್ಲವೇ ಎಂದು ಮೇಘನ ಕೇಳಿದರೆ, “ಮೇಕೆ ಕಾಯೋರು ಯಾರಾದ್ರೂ ಮುಂದೆ ಹೋಗ್ತಾರೇನಮ್ಮ?” ಎನ್ನುತ್ತಾರೆ. ಇದು ಬರೀ ಮಾತಲ್ಲ. ಮದುವೆಗೆ ಮುಂಚೆ ಈ ಬೆಟ್ಟದಲ್ಲಿ ಮೇಕೆ ಕಾಯ್ದವರು ಅವರು, ಆ ವಿದ್ಯೆಯನ್ನೇ ಈಗ ಮನುಷ್ಯರ ಮೇಲೆ ನಡೆಸುತ್ತಿದ್ದಾರೆ. ಯಾರಾದರೂ ಎಡಕ್ಕೆ ತಪ್ಪಿದರೆ ನಾಲಗೆಯಿಂದ ‘ಟ್ರ್ ಟ್ರ್’ ಎಂಬ ಸದ್ದು ಹೊರಡುತ್ತದೆ. ನಿಂತುಬಿಟ್ಟರೆ ಕೋಲು ಬಂಡೆಗೆ ಬಡಿಯುತ್ತದೆ. ಬಾಳೆಹಣ್ಣಿನ ಚೀಲ ಮುಂದಿನವನ ಹೆಗಲಿಗೆ. ಉಳಿದವರೆಲ್ಲ ತಮಗೇ ತಿಳಿಯದೆ ಅವನ ಹಿಂದೆ. ಅಚ್ಚರಿಯೆಂದರೆ ಇಂಜಿನಿಯರಿಂಗ್ ಮುಗಿಸಿದವರೂ ಆ ‘ಟ್ರ್ ಟ್ರ್’ಗೆ ಸರಿಯಾಗಿ ತಿರುಗುತ್ತಾರೆ.

ಈ ಕೆಲಸ ಅವರಿಗೆ ಒದಗಿದ್ದೂ ತಮಾಷೆಯಾಗಿಯೇ. ಬೆಟ್ಟದ ತುದಿಯಲ್ಲಿ ಮೇಲ್ದಿನ್ನೆ ಎಂಬ ಪುಟ್ಟ ಊರಿದೆ, ಅದು ಅವರ ತವರು. ಕೆಲವು ವರ್ಷಗಳ ಹಿಂದೆ ಒಂದು ದಿನ ಬದನೆಕಾಯಿ ಮಂಕರಿ ಹೊತ್ತು ಮೇಲೆ ಹೋಗುತ್ತಿದ್ದಾಗ, ಬೆನ್ನಿಗೆ ಚೀಲ ಹಾಕಿಕೊಂಡ ನಾಲ್ಕು ಜನ ಅಡ್ಡ ಬಂದು ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ನಮ್ಮ ತವರಿಗೆ ಎಂದರು ಇವರು. ಅವರು ಹಿಂದೆಯೇ ಬಂದರು, ಅತ್ತಿಗೆ ಶ್ಯಾಮಲಮ್ಮ ಬಡಿಸಿದ ಹುರುಳಿಕಾಳಿನ ಸಾರು ಉಂಡರು, ಹೋಗಿ ಎಲ್ಲೋ ಬರೆದುಕೊಂಡರು. ಮರು ಭಾನುವಾರ ಬೇರೆ ಜನ ಮನೆ ಬಾಗಿಲಿಗೆ ಬಂದು, “ಆಂಟಿ, ನಿಮ್ಮ ತವರಿಗೆ ಹೋಗ್ಬೇಕಿತ್ತು,” ಎಂದರಂತೆ. ಗಂಗುಲಪ್ಪ ಗಾಬರಿಯಾಗಿ ಒಳಗಿಂದ ಓಡಿಬಂದ. “ಈಗ ನಮ್ಮ ತವರಿಗೆ ನನಗಿಂತ ಅವರೇ ಜಾಸ್ತಿ ಹೋಗಿದಾರೆ,” ಎಂದು ಆಂಜಿನಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ.

ಕಷ್ಟ ಇಲ್ಲವೆಂದಲ್ಲ. ಹತ್ತುವಾಗ ಸುಮ್ಮನಿರುವ ಮಂಡಿ ಇಳಿಯುವಾಗ ಮಾತಾಡುತ್ತದೆ. ಕಾಲು ಉಳುಕಿದ ಗಟ್ಟಿ ಆಳುಗಳನ್ನು ಬೆನ್ನ ಮೇಲೆ ಹಾಕಿಕೊಂಡು ಇಳಿಸಿದ್ದೂ ಇದೆ. ಹಾಗಿದ್ದೂ ಭಾನುವಾರ ಬೆಟ್ಟಕ್ಕೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವು ಮನೆಯ ರೇಷ್ಮೆಹುಳುಗಳು. ಅವು ಮೇಯುವಾಗ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಬಿಡಿಸಬೇಕು, ಸಾಯಲೂ ಪುರುಸೊತ್ತಿರುವುದಿಲ್ಲ. ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತವೆ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. “ಹುಳಕ್ಕೆ ಜ್ವರ ಬಂದ್ರೆ ನಂಗೆ ರಜಾ. ಇವತ್ತು ಕೂತವೆ, ಅದಕ್ಕೆ ಬಂದೆ.”

ಮೊದಲ ‘ಲೇಕ್’ ಬರುತ್ತದೆ. ಹೆಸರು ಎಮ್ಮೆ ಕುಂಟೆ. ಹೆಸರಿಗೆ ತಕ್ಕಂತೆ ನಡುವೆ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿವೆ. ಮೇಘನ ಸೌಜನ್ಯಕ್ಕೆ ಒಂದು ಫೋಟೊ ತೆಗೆಯುತ್ತಾಳೆ. ಉಮೇಶ ಮಾತ್ರ, ಗೈಡಿನ ಗತ್ತಿನಲ್ಲಿ, ಇದು ಸ್ಟಾರ್ಟಿಂಗು ಅಷ್ಟೇ ಎಂದು ಸಮಾಧಾನ ಮಾಡುತ್ತಾನೆ. ಅಲ್ಲಿಂದ ಗುಂಡುಕಲ್ಲುಗಳ ನಡುವಿನ ಇರುಕು ದಾರಿ, ಕುಳಿತು ತೆವಳುವ ಗವಿ, ನಿಂಬೆಹುಲ್ಲಿನ ಇಳಿಜಾರು ದಾಟಿದರೆ ಎರಡನೆಯದು, ಬಟ್ಟೆ ದೊಣೆ. ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲುಹೊಂಡ ಅದು, ಈಗ ತಿಳಿನೀರು, ತಾವರೆ ಎಲೆ. ಅದರ ನೆತ್ತಿಯ ಮೇಲೆಯೇ ಜಾರುಬಂಡೆ. ಅದು ತಾಳೆಮರದೆತ್ತರದ, ಕಪ್ಪು ನುಣುಪು ಕಲ್ಲು. ನೀರು ಬೀಳಬೇಕಾದದ್ದು ಇಲ್ಲೇ.

ಬಂಡೆ ಒಣಗಿದೆ.

ಮಧ್ಯದಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತ ಎಲ್ಲರನ್ನೂ ನೋಡಿ ತಲೆ ಆಡಿಸುತ್ತದೆ. ಉಮೇಶ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾನೆ. ಕೊರಳ ಚೀಟಿಯ ಹುಡುಗ ಜೇಬಿನಿಂದ ಮೆಲ್ಲಗೆ ಫೋನು ತೆಗೆಯುತ್ತಾನೆ, ಆಂಜಿನಮ್ಮ ಅವನ ಕೈಯನ್ನೇ ನೋಡುತ್ತಾರೆ, ಅವನು ಮೆಲ್ಲಗೆ ಒಳಗಿಡುತ್ತಾನೆ. ನಾಲ್ಕು ದಿನದ ಹಿಂದೆ ನೀರು ದಪ್ಪಗೆ ಬೀಳುತ್ತಿದ್ದುದನ್ನು ಆಂಜಿನಮ್ಮನವರೇ ಕಣ್ಣಾರೆ ಕಂಡಿದ್ದಾರೆ. ಕಲ್ಲಿಗೆ ಅಂಗೈ ಒತ್ತಿ ನೋಡುತ್ತಾರೆ, ಪಾಚಿ ಇನ್ನೂ ಹಸಿ.

“ಯಾರೂ ಅಲ್ಲಾಡ್ಬೇಡಿ,” ಎಂದವರು ಮೊದಲ ಸಲ ಎಲ್ಲರಿಗಿಂತ ಮುಂದೆ, ಬಂಡೆಯ ಪಕ್ಕದ ಮೆಟ್ಟಿಲುಗಲ್ಲುಗಳನ್ನು ಹತ್ತುತ್ತಾರೆ. ಯಾರೂ ಅಲ್ಲಾಡದೆ ಇರುವುದಿಲ್ಲ. ಎಲ್ಲರೂ ಹಿಂದೆಯೇ ಹತ್ತುತ್ತಾರೆ.

ಮೇಲೆ ಮೂರನೆಯ ನೀರು, ಗಂಗಮ್ಮನ ಕುಂಟೆ. ಇದನ್ನು ನೋಡಿದ ಕೂಡಲೇ ತಂಡದವರೆಲ್ಲ ಫೋನು ಹೊರತೆಗೆಯುತ್ತಾರೆ. ಬಂಡೆಗಳ ಬೊಗಸೆಯಲ್ಲಿ ಅಂಚಿನವರೆಗೂ ತುಂಬಿ, ಆಕಾಶವನ್ನೆಲ್ಲ ಒಳಗಿಟ್ಟುಕೊಂಡು ಅದು ಅಲ್ಲಾಡದೆ ನಿಂತಿದೆ. ದಂಡೆಯ ಮೇಲೆ ಮೇಲ್ದಿನ್ನೆಯ ಜನ ಒಗೆದ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದಾರೆ. ಮುಂದೆ ಆಂಜಿನಮ್ಮನವರ ಅಣ್ಣ ದೊಡ್ಡಮುನಿಯಪ್ಪ, ಹೊಸ ಟವೆಲ್ ಹೆಗಲಿಗೆ, ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ. ಕುಂಟೆ ತುಂಬಿ ನೀರು ಹೊರಗೆ ಹರಿಯುವ ಸಂದಿಗೆ ಕೋಡಿ ಎನ್ನುತ್ತಾರೆ. ಆ ಕೋಡಿಯ ಬಾಯಿಗೆ ದಪ್ಪ ಕಲ್ಲುಗಳು, ಅವುಗಳ ನಡುವೆ ರಾಗಿ ಹುಲ್ಲು, ಮೇಲೆ ಜೇಡಿಮಣ್ಣು, ಅದರ ಮೇಲೆ ಚೆನ್ನಾಗಿ ತಟ್ಟಿ ನಯ ಮಾಡಿದ ಅಂಗೈ ಗುರುತುಗಳು. ಒಂದು ಹನಿಯೂ ಆಚೆ ಹೋಗುತ್ತಿಲ್ಲ.

“ಹೆಂಗೈತಮ್ಮ?” ಎನ್ನುತ್ತಾರೆ ದೊಡ್ಡಮುನಿಯಪ್ಪ. “ಎರಡು ದಿನ ಹಿಡೀತು. ಊರೆಲ್ಲ ಸೇರಿದ್ವಿ.”

ಆಂಜಿನಮ್ಮ ಕೋಡಿಯನ್ನೂ ಅಣ್ಣನನ್ನೂ ನೋಡುತ್ತಾರೆ.

“ಯಾಕಣ್ಣ ಕಟ್ಟಿದೆ?”

“ಯಾಕೆ ಅಂದ್ರೆ? ಪಟ್ಟಣದೋರು ನೀರು ನೋಡಕ್ಕೆ ಬರ್ತಾವ್ರೆ ಅಂದೆ. ಅವ್ರ ಮುಂದೆ ಹಗಲೂ ರಾತ್ರಿ ನೀರು ಸುಮ್ನೆ ಸೋರ್ತಾ ಇದ್ರೆ ಏನಂತಾರೆ? ಮೇಲ್ದಿನ್ನೆ ಜನಕ್ಕೆ ಒಂದು ಕೋಡಿ ಕಟ್ಟಕ್ಕೆ ಗತಿಯಿಲ್ವಾ ಅಂತಾರೆ. ನೆಂಟರು ಬರ್ತಾರೆ ಅಂದ್ರೆ ಸೋರೋ ಸೂರನ್ನ ಯಾರಾದ್ರೂ ಹಂಗೇ ಬಿಡ್ತಾರಾ?”

ಹಿಂದಿನ ಸಾಲಿನವರೆಲ್ಲ ತಲೆ ಆಡಿಸುತ್ತಾರೆ. ಕೊಡ ನೀರಿಗೆ ಮೈಲಿ ನಡೆದ ಜನ, ಸಾವಿರ ಅಡಿ ಕೊರೆಸಿ ಧೂಳು ಕಂಡ ಜನ. ಬಂಡೆಯ ಮೇಲಿಂದ ನೀರು ಬೀಳುವುದು ನೋಡಲು ಚೆಂದ ಎಂಬ ಯೋಚನೆ ಇವರ ತಲೆಗೆ ಯಾವತ್ತೂ ಬಂದದ್ದಿಲ್ಲ. ಅದು ಕಣ್ಣೆದುರಿಗೇ ಆಗುವ ನಷ್ಟ, ಅಷ್ಟೆ. ಈ ಜನ ಅಷ್ಟು ದೂರದಿಂದ ಬಂದಿರುವುದು ಆ ಸೋರುವುದನ್ನು ನೋಡುವುದಕ್ಕೇ ಎಂದು ಆಂಜಿನಮ್ಮ ಬಿಡಿಸಿ ಹೇಳಿದಾಗ, ದೊಡ್ಡಮುನಿಯಪ್ಪ ಮೇಘನಳ ಕಡೆ ತಿರುಗಿ, ತುಂಬಾ ಮರ್ಯಾದೆಯಿಂದ, ನಿಮ್ಮ ಕಡೆ ಎಲ್ಲರೂ ಹೀಗೇನಾ ಎಂದು ಕೇಳುತ್ತಾರೆ. ನಮ್ಮೂರಲ್ಲಿ ನೀರು ತಾನಾಗಿ ಬೀಳುತ್ತದೆ, ಯಾರೂ ಕಟ್ಟುವುದಿಲ್ಲ ಎನ್ನುತ್ತಾಳೆ ಅವಳು. ಅವರು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ.

ತೆಗೆ ಎಂದರೆ ಅಣ್ಣ ತೆಗೆಯುವವರಲ್ಲ. ಊರೆಲ್ಲ ಸೇರಿ ಮಾಡಿದ ಕೆಲಸ, ಜೇಡಿಮಣ್ಣು ಇನ್ನೂ ಹಸಿಯಿದೆ, ಕುಂಟೆಯಲ್ಲಿ ಮೀನು ಬಿಟ್ಟಿದ್ದಾರೆ, ಬೇಸಗೆಯವರೆಗೆ ದನಕ್ಕೆ ಬೇಕು ಎಂದು ಕಾರಣಗಳನ್ನು ಒಂದೊಂದಾಗಿ ಇಡುತ್ತಾರೆ. ಉಮೇಶ ಮಧ್ಯೆ ಬಾಯಿ ಹಾಕಿ, ವಿಡಿಯೊ ತೆಗೆಯುವಷ್ಟು ಹೊತ್ತು ಸಾಕು ಎಂದರೆ, ನೀನು ಸುಮ್ಮನಿರಪ್ಪ ಎಂದು ಅವನ ಬಾಯಿ ಮುಚ್ಚಿಸುತ್ತಾರೆ. ಡೇರಿಯಲ್ಲಿ ತಂಗಿಗೆ ಇಟ್ಟಿರುವ ಹೆಸರು ಅಣ್ಣನಿಗೆ ತಿಳಿದಿಲ್ಲ. ಆಂಜಿನಮ್ಮ ಅದನ್ನು ಹೇಳುವುದೂ ಇಲ್ಲ. ಕೋಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತುಬಿಡುತ್ತಾರೆ.

“ಅಣ್ಣಾ, ಈ ನೀರು ಇಲ್ಲಿಂದ ಬಿದ್ದು ಎಲ್ಲಿಗೆ ಹೋಗುತ್ತೆ?”

“ದೊಣೆಗೆ. ಅಲ್ಲಿಂದ ಎಮ್ಮೆ ಕುಂಟೆಗೆ. ಅಲ್ಲಿಂದ ನಿಮ್ಮೂರ ಕೆರೆಗೆ. ಯಾಕೆ?”

“ಗೌರಿ ಹಬ್ಬಕ್ಕೆ ನಂಗೆ ಸೀರೆ ಕೊಟ್ಯಾ ಈ ವರ್ಷ?”

ದೊಡ್ಡಮುನಿಯಪ್ಪ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಟೊಮೇಟೊಗೆ ರೇಟು ಬೀಳಲಿಲ್ಲವೇ, ದೀಪಾವಳಿಗೆ ನೋಡೋಣ ಎಂದಿರಲಿಲ್ಲವೇ ಎಂದು ಗೊಣಗುತ್ತಾರೆ. ಶ್ಯಾಮಲಮ್ಮ ಹಿಂದಿನಿಂದ, “ನಾನು ಆವತ್ತೇ ಹೇಳ್ದೆ,” ಎಂದು ಗಂಡನ ಬೆನ್ನಿಗೆ ಕೇಳುವಂತೆ ಹೇಳುತ್ತಾರೆ.

“ಸೀರೆ ಬೇಡ ನಂಗೆ,” ಎನ್ನುತ್ತಾರೆ ಆಂಜಿನಮ್ಮ. “ತವರಿಂದ ಮಗಳ ಮನೆಗೆ ನೀರು ಹೋದ್ರೆ ಅದು ಸೋರೋದಾ? ಈ ವರ್ಷಕ್ಕೆ ನಂಗೆ ಇದನ್ನೇ ಕೊಡು.”

ದೊಡ್ಡಮುನಿಯಪ್ಪ ಕೋಡಿಯ ಮೇಲಿನ ಅಂಗೈ ಗುರುತುಗಳನ್ನು ಒಮ್ಮೆ ಸವರುತ್ತಾರೆ. ಆಮೇಲೆ, “ಸರೇಲೇ,” ಎಂದು ಒಪ್ಪಿ ಪಂಚೆ ಎತ್ತಿ ಕಟ್ಟುತ್ತಾರೆ. ಆದರೆ ಕಟ್ಟಿದ ಕೋಡಿಯನ್ನು ಪೂಜೆಯಿಲ್ಲದೆ ಒಡೆಯುವಂತಿಲ್ಲ. ಅರಿಸಿನ ಕುಂಕುಮ ಬಂತು, ಕಣಗಿಲೆ ಹೂವು ಬಂತು. ತೆಂಗಿನಕಾಯಿ? ಊರಿನಲ್ಲಿದ್ದ ಕಾಯಿಯೆಲ್ಲ ಬೆಳಿಗ್ಗೆಯೇ ನೆಂಟರ ಚಟ್ನಿಗೆ ಅರೆದಾಗಿದೆ. ಶ್ಯಾಮಲಮ್ಮ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಎಲ್ಲರೂ ಚೀಲ ತಡಕುತ್ತಾರೆ, ಚಿಪ್ಸು, ಬಿಸ್ಕತ್ತು, ಸನ್‌ಸ್ಕ್ರೀನು ಹೊರಬರುತ್ತವೆ. ದೊಡ್ಡಮುನಿಯಪ್ಪ ಒಂದೊಂದನ್ನೂ ಪರಿಶೀಲಿಸಿ ಆಗುವುದಿಲ್ಲ ಎನ್ನುತ್ತಾರೆ. ಕೊನೆಗೆ ಮೇಘನ ಜೇಬಿನಿಂದ, ಮೂಸಿ ಮೂಸಿ ಬಾಡಿದ ಆ ನಿಂಬೆಹಣ್ಣು ತೆಗೆದು ಅಳುಕುತ್ತ ಮುಂದೆ ಹಿಡಿಯುತ್ತಾಳೆ. ದೊಡ್ಡಮುನಿಯಪ್ಪ ದಂಡೆಯ ಮೇಲೆ ದೇವರಾಗಿ ನಿಂತ ಗಂಗಮ್ಮನ ಕಲ್ಲಿನ ಕಡೆ ನೋಡಿ, ಮನಸ್ಸಿನಲ್ಲೇ ಕೇಳಿಕೊಂಡು, ಒಪ್ಪಿಗೆ ಸಿಕ್ಕವರಂತೆ ಅದನ್ನು ಎರಡು ಹೋಳು ಮಾಡುತ್ತಾರೆ.

ತಂಡವೆಲ್ಲ ಧಡಧಡನೆ ಕೆಳಗಿಳಿದು ಜಾರುಬಂಡೆಯ ಬುಡದಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಮೊದಲು ಏನೂ ಇಲ್ಲ. ಆಮೇಲೆ ಮೇಲಿಂದ ಒಂದಿಷ್ಟು ಕಟ್ಟಿರುವೆ, ಒಣಗಿದೆಲೆ, ಹುಲ್ಲಿನ ಸಿಂಬೆ ಉರುಳುತ್ತವೆ. ಓತಿಕ್ಯಾತ ವಿಷಯ ತಿಳಿದು ಜಾಗ ಖಾಲಿ ಮಾಡುತ್ತದೆ. ಮತ್ತೆ ಏನೂ ಇಲ್ಲ. “ತೊಟ್ಟಿಕ್ತಾ ಇದೆ ಅಷ್ಟೇ,” ಎಂದು ಉಮೇಶ ಆಗಲೇ ಮುಖ ಹುಳಿ ಮಾಡಿಕೊಂಡಿದ್ದಾನೆ. ಅಷ್ಟರಲ್ಲಿ ಕೆಂಪಗೆ ಒಂದು ನಾಲಗೆ ಬಂಡೆಯ ಅಂಚಿನಿಂದ ಹೊರಚಾಚುತ್ತದೆ, ಜೇಡಿಮಣ್ಣಿನ ನೀರು, ಅವನ ಬಿಳಿ ಟೋಪಿಯ ಮೇಲೆಯೇ. ಅದರ ಬೆನ್ನಿಗೆ ಗುಡುಗಿನಂಥ ಸದ್ದು, ಅದರ ಬೆನ್ನಿಗೆ ತಿಳಿನೀರು, ಬಂಡೆಯುದ್ದಕ್ಕೂ ಬಿಳಿಯ ಬಿಳಿಯ ನೊರೆ.

ಆಮೇಲಿನದ್ದು ಬರೆದು ಮುಗಿಯುವಂಥದ್ದಲ್ಲ. ರಾತ್ರಿ ಪಾಳಿಯವರ ನಿದ್ದೆಯೆಲ್ಲ ಎಲ್ಲಿ ಹೋಯಿತೋ. ಕೊರಳ ಚೀಟಿಯ ಹುಡುಗ ಚೀಟಿಯ ಸಮೇತ ನೀರಿನ ಕೆಳಗೆ ನಿಂತು ಕಾರ್ಖಾನೆಯವರೆಗೂ ಕೇಳುವಂತೆ ಕೂಗುತ್ತಿದ್ದಾನೆ. ವಿಡಿಯೊ ಮೇಘನಳೇ ತೆಗೆದಳು. ಅದನ್ನು ಹಿಡಿದು ಉಮೇಶ ಸಿಗ್ನಲ್ ಸಿಗುವ ಗುಂಡುಕಲ್ಲಿನ ಮೇಲೆ ಹತ್ತಿ, ಬಂಡಪಲ್ಲಿಯ ಗ್ರೂಪಿಗೆ ಕಳಿಸಿ, ಇಳಿದು ಬಂದು ವರದಿ ಒಪ್ಪಿಸುತ್ತಾನೆ. ಡೇರಿ ಸೆಕ್ರೆಟರಿ ಕೈ ಮುಗಿದಿದ್ದಾರೆ, ಆರೇಳು ಜನ ಬಾಯಿ ತೆರೆದ ಮುಖ ಹಾಕಿದ್ದಾರೆ. ಎಲ್ಲರಿಗಿಂತ ಮೊದಲು ಉತ್ತರ ಬಂದಿರುವುದು ಗಂಗುಲಪ್ಪನಿಂದ: ‘ಹುಳ ಎದ್ದಿವೆ, ಬೇಗ ಬಾ.’

ಆಂಜಿನಮ್ಮ ಬಂಡೆಯ ಬುಡದಲ್ಲಿ ಎಲ್ಲರ ಚೀಲ, ಶೂ, ವಾಚು, ಕನ್ನಡಕಗಳ ರಾಶಿಯ ನಡುವೆ ಕುಳಿತಿದ್ದಾರೆ. ಪ್ರತಿ ಸಲವೂ ಅವರ ಜಾಗ ಅದೇ. ಮೇಘನ ತೊಯ್ದ ಜಡೆ ಹಿಂಡುತ್ತ ಪಕ್ಕಕ್ಕೆ ಬಂದು, ಮುಂದಿನ ತಿಂಗಳು ಎರಡನೇ ಪಾಳಿಯವರನ್ನು ಕರೆತರುತ್ತೇನೆ, ನಿಮಗೇನು ತರಲಿ ಎಂದು ಕೇಳುತ್ತಾಳೆ.

“ಏನೂ ಬೇಡಮ್ಮ. ನಾಳೆ ಬೆಳಿಗ್ಗೆ ನಾನು ಡೇರಿ ಮುಂದೆ ಕ್ಯಾನ್ ಇಟ್ಟಾಗ ಯಾರಾದ್ರೂ ನನ್ನನ್ನ ಆಂಜಿನಮ್ಮ ಅಂತ ಕರೆದ್ರೆ ಸಾಕು.”

ಬಂಡೆಯ ಅಂಚಿನಲ್ಲಿ ದೊಡ್ಡಮುನಿಯಪ್ಪನವರ ತಲೆ ಕಾಣಿಸುತ್ತದೆ. ಕೈಯಲ್ಲಿ ಜೇಡಿಮಣ್ಣಿನ ಉಂಡೆ ಸಿದ್ಧವಾಗಿದೆ.

“ಸಾಕಾ?” ಎಂದು ಕೂಗುತ್ತಾರೆ.

“ಇನ್ನೊಂಚೂರು ಇರ್ಲಿ ಅಣ್ಣಾ.”

“ಇನ್ನೂ ಯಾರಿಗಮ್ಮ? ಎಲ್ರೂ ಒದ್ದೆ ಆದ್ರಲ್ಲ.”

“ನಾನಾಗಿಲ್ಲ.”

ತಲೆ ಹಿಂದೆ ಸರಿಯುತ್ತದೆ. ಆಂಜಿನಮ್ಮ ಶೂ ಬಿಚ್ಚಿ ರಾಶಿಯ ಪಕ್ಕದಲ್ಲಿಟ್ಟು, ರಾಶಿಯನ್ನು ಉಮೇಶನಿಗೆ ಒಪ್ಪಿಸಿ, ಸೆರಗು ಬಿಗಿದು ನೀರಿನ ಕಡೆ ನಡೆಯುತ್ತಾರೆ. ಹುಡುಗರು ಬದಿಗೆ ಸರಿದು ಜಾಗ ಬಿಡುತ್ತಾರೆ. ಅವರು ಕಣ್ಣು ಮುಚ್ಚಿ ಧಾರೆಯ ಕೆಳಗೆ ನಿಂತ ಮೇಲೆ, ಬಂಡೆಯ ನೆತ್ತಿಯಲ್ಲಿ, ಕೋಡಿಯಿಂದ ಇನ್ನೊಂದು ದಪ್ಪ ಕಲ್ಲನ್ನು ಸರಿಸಿದ ಸದ್ದು ಕೇಳುತ್ತದೆ. ನೀರು ಇದ್ದಕ್ಕಿದ್ದಂತೆ ಇಮ್ಮಡಿಯಾಗಿ ಸುರಿದು, ಆಂಜಿನಮ್ಮನವರ ತುರುಬು ಬಿಚ್ಚಿಹೋಗುತ್ತದೆ.